ಮೈಸೂರು ದಸರಾ ದೀಪಾಲಂಕಾರ: ಮಕ್ಕಳು, ಹಿರಿಯರ ಜೊತೆ ನೋಡಿ ಬರುವುದು ಹೇಗೆ?

ನವರಾತ್ರಿ ಬಂತೆಂದರೆ ಮೈಸೂರಿನ ನಮ್ಮ ಮನೆಗೆ ನೆಂಟರು ಬರುತ್ತಾರೆ. ಬಂದವರೆಲ್ಲ ಕೇಳುವುದು ಒಂದೇ: "ಲೈಟಿಂಗ್ ನೋಡೋಕೆ ಯಾವಾಗ ಹೋಗೋಣ?" ಸಂಜೆ ಏಳಕ್ಕೆ ಕಾಫಿ ಕುಡಿದು, ಏಳೂವರೆಗೆ ಕಾರು ಹತ್ತುತ್ತಾರೆ. ಹನ್ನೊಂದಕ್ಕೆ ವಾಪಸ್. ಮಕ್ಕಳು ಹಿಂದಿನ ಸೀಟಿನಲ್ಲಿ ನಿದ್ದೆ ಹೋಗಿರುತ್ತಾರೆ, ಅತ್ತೆಯ ಕಾಲು ಊದಿರುತ್ತದೆ. ಅರಮನೆ ನೋಡಿದಿರಾ ಅಂದರೆ, "ಅಲ್ಲಿಗೆ ಹೋಗುವಷ್ಟರಲ್ಲಿ ಲೈಟ್ ಆರಿಸಿಬಿಟ್ಟಿದ್ದರು" ಎನ್ನುತ್ತಾರೆ.

ಇದೇ ತಪ್ಪು ವರ್ಷ ವರ್ಷ ಆಗುತ್ತಿದೆ. ತಪ್ಪಿರುವುದು ಕ್ರಮದಲ್ಲಿ. ಜನ ಮೊದಲು ಕಾರಿನಲ್ಲಿ ಊರು ಸುತ್ತಿ, ಕೊನೆಗೆ ಅರಮನೆಗೆ ಹೋಗುತ್ತಾರೆ. ಮಾಡಬೇಕಾದದ್ದು ಇದರ ಉಲ್ಟಾ. ಮೊದಲು ಅರಮನೆ, ಆಮೇಲೆ ನಡಿಗೆ, ಕೊನೆಗೆ ವಾಹನ. ಕೆಳಗಿನ ಹಂತಗಳೆಲ್ಲ ಇದೇ ಕ್ರಮದಲ್ಲಿವೆ.

ಹಂತ 1: ದಿನ ಆರಿಸಿ

ವಿಜಯದಶಮಿಯ ದಿನ ಬೇಡ. ಅಂದು ಮಧ್ಯಾಹ್ನ ಜಂಬೂ ಸವಾರಿ ಅರಮನೆಯಿಂದ ಹೊರಟು ಕೆ.ಆರ್. ಸರ್ಕಲ್, ಸಯ್ಯಾಜಿರಾವ್ ರಸ್ತೆ, ಆಯುರ್ವೇದ ಆಸ್ಪತ್ರೆ ವೃತ್ತ, ಬಂಬೂ ಬಜಾರ್, ಹೈವೇ ಸರ್ಕಲ್ ದಾಟಿ ಬನ್ನಿಮಂಟಪ ಸೇರುತ್ತದೆ. ಸುಮಾರು ಐದು ಕಿ.ಮೀ. ದಾರಿ ಅದು. ರಾತ್ರಿ ಬನ್ನಿಮಂಟಪದಲ್ಲಿ ಪಂಜಿನ ಕವಾಯತು ನಡೆಯುತ್ತದೆ. ನೀವು ದೀಪ ನೋಡಬೇಕಾದ ರಸ್ತೆಗಳೂ ಇವೇ. ಮೆರವಣಿಗೆ ಮುಗಿದರೂ ಜನ ಕರಗಲು ಗಂಟೆಗಟ್ಟಲೆ ಬೇಕು. ಪುಟ್ಟ ಮಕ್ಕಳನ್ನು ಕಟ್ಟಿಕೊಂಡು ಆ ರಾತ್ರಿ ಬೀದಿಗೆ ಇಳಿಯಬೇಡಿ. ಆಯುಧಪೂಜೆಯ ಸಂಜೆಯೂ, ನಡುವೆ ಬರುವ ಶನಿವಾರ, ಭಾನುವಾರವೂ ಹೆಚ್ಚುಕಡಿಮೆ ಹಾಗೇ.

ಒಳ್ಳೆಯ ದಿನಗಳೆಂದರೆ ನವರಾತ್ರಿಯ ಎರಡನೆಯ ದಿನದಿಂದ ಐದನೆಯ ದಿನದವರೆಗೆ, ಅದರಲ್ಲೂ ಸೋಮವಾರದಿಂದ ಗುರುವಾರದ ಒಳಗೆ ಬರುವ ದಿನ. ಮೊದಲ ದಿನ ಕೆಲವು ರಸ್ತೆಗಳಲ್ಲಿ ಇನ್ನೂ ವೈರ್ ಎಳೆಯುತ್ತಿರುತ್ತಾರೆ.

ಇನ್ನೊಂದು ವಿಷಯ ಬಹಳ ಜನಕ್ಕೆ ಗೊತ್ತಿಲ್ಲ. ಹಲವು ವರ್ಷ ವಿಜಯದಶಮಿ ಕಳೆದ ಮೇಲೂ ಕೆಲವು ದಿನ ದೀಪಾಲಂಕಾರ ಮುಂದುವರಿಸಿದ್ದಾರೆ. ಆ ದಿನಗಳಲ್ಲಿ ಜನ ಕಡಿಮೆ, ರೂಮು ಸುಲಭವಾಗಿ ಸಿಗುತ್ತದೆ. ಹಿರಿಯರು ಜೊತೆಗಿದ್ದರೆ ನಾನು ಹೇಳುವುದು ಅವೇ ದಿನಗಳನ್ನು. ಆದರೆ ಮುಂದುವರಿಸಿದ್ದಾರೆ ಎಂಬ ಸುದ್ದಿ ಪತ್ರಿಕೆಯಲ್ಲಿ ಬಂದ ಮೇಲೆ ಮಾತ್ರ ಹೊರಡಿ.

ದಸರೆ ಬರುವುದು ಹಸ್ತ, ಚಿತ್ತಾ ಮಳೆಯ ಕಾಲದಲ್ಲಿ. ಮಧ್ಯಾಹ್ನ ಸುಡು ಬಿಸಿಲು, ಸಂಜೆ ಗುಡುಗು. ಆದ್ದರಿಂದ ಒಂದೇ ರಾತ್ರಿಯ ಲೆಕ್ಕ ಹಾಕಿಕೊಂಡು ಬರಬೇಡಿ. ಸಾಧ್ಯವಾದರೆ ಎರಡು ರಾತ್ರಿ ಉಳಿಯಿರಿ. ಒಂದು ಮಳೆಗೆ ಹೋದರೂ ಇನ್ನೊಂದು ಉಳಿಯುತ್ತದೆ.

ಹಂತ 2: ಸಮಯ ತಿಳಿದುಕೊಳ್ಳಿ, ಎರಡನ್ನೂ

ಇಲ್ಲಿ ಎರಡು ಬೇರೆ ಬೇರೆ ದೀಪಾಲಂಕಾರಗಳಿವೆ. ಒಂದು ಅರಮನೆಯದು: ಸುಮಾರು ಒಂದು ಲಕ್ಷ ಬಲ್ಬುಗಳು, ಒಂದೇ ಗಳಿಗೆಯಲ್ಲಿ ಹೊತ್ತಿಕೊಳ್ಳುತ್ತವೆ. ಇನ್ನೊಂದು ಬೀದಿಗಳದ್ದು. ಇದನ್ನು ನೋಡಿಕೊಳ್ಳುವುದು ಚಾಮುಂಡೇಶ್ವರಿ ವಿದ್ಯುತ್ ಸರಬರಾಜು ನಿಗಮ, ಅಂದರೆ ಸೆಸ್ಕ್. ಇತ್ತೀಚಿನ ವರ್ಷಗಳಲ್ಲಿ ನೂರು ಕಿ.ಮೀ.ಗಿಂತ ಜಾಸ್ತಿ ರಸ್ತೆಗೆ ದೀಪ ಹಾಕುತ್ತಿದ್ದಾರೆ.

ಎರಡರ ಸಮಯವೂ ಒಂದೇ ಅಲ್ಲ. ಬೀದಿ ದೀಪಗಳು ಕತ್ತಲಾಗುತ್ತಿದ್ದಂತೆ ಹೊತ್ತಿ ರಾತ್ರಿ ಹತ್ತೂವರೆ, ಹನ್ನೊಂದರವರೆಗೆ ಇರುತ್ತವೆ. ಅರಮನೆಯದು ಸಾಮಾನ್ಯವಾಗಿ ಏಳರ ಸುಮಾರಿಗೆ ಶುರುವಾಗಿ ಬೀದಿಗಿಂತ ಬೇಗ ಮುಗಿಯುತ್ತದೆ. ನಮ್ಮ ನೆಂಟರು ಪ್ರತಿ ಸಲ ಎಡವುವುದು ಇಲ್ಲೇ. ಆ ವರ್ಷದ ಸಮಯವನ್ನು ಪತ್ರಿಕೆಯಲ್ಲೋ ದಸರಾ ವೆಬ್‌ಸೈಟಿನಲ್ಲೋ ನೋಡಿ ಬರೆದಿಟ್ಟುಕೊಳ್ಳಿ. ಹೋದ ವರ್ಷದ ಸಮಯ ನಂಬಬೇಡಿ.

ಹಂತ 3: ಕಾರನ್ನು ಎಲ್ಲಿ ಬಿಡುವುದು ಎಂದು ಮೊದಲೇ ತೀರ್ಮಾನಿಸಿ

ಕಾರು ಇದ್ದರೆ ಹಾಯಾಗಿರಬಹುದು ಎನ್ನಿಸುತ್ತದೆ. ದಸರೆಯ ಸಂಜೆ ಹಾಗಾಗುವುದಿಲ್ಲ. ಅರಮನೆಯ ಸುತ್ತಲಿನ ರಸ್ತೆಗಳನ್ನು ಪೊಲೀಸರು ಏಕಮುಖ ಮಾಡುತ್ತಾರೆ, ಕೆಲವನ್ನು ಪೂರ್ತಿ ಮುಚ್ಚುತ್ತಾರೆ. ಒಂದು ತಿರುವು ತಪ್ಪಿದರೆ ಮತ್ತೆ ಇಡೀ ಸುತ್ತು ಹಾಕಬೇಕು. ಮ್ಯಾಪ್ ತೋರಿಸುವ ದಾರಿಯಲ್ಲಿ ಬ್ಯಾರಿಕೇಡ್ ಇರುತ್ತದೆ.

ಊರಿನಲ್ಲೇ ಉಳಿದಿದ್ದರೆ ಕಾರನ್ನು ಉಳಿದಲ್ಲೇ ಬಿಟ್ಟು ಸಂಜೆ ಐದೂವರೆ ಹೊತ್ತಿಗೆ ಆಟೋ ಅಥವಾ ಸಿಟಿ ಬಸ್ ಹಿಡಿಯಿರಿ. ಸಿಟಿ ಬಸ್ ನಿಲ್ದಾಣ ಅರಮನೆಯ ಹತ್ತಿರವೇ ಇದೆ. ಬೆಂಗಳೂರಿನಿಂದ ಬರುವವರಿಗೆ ರೈಲೇ ಒಳ್ಳೆಯದು. ರೈಲು ನಿಲ್ದಾಣದಿಂದ ಅರಮನೆಗೆ ಎರಡು ಕಿ.ಮೀ. ಆಸುಪಾಸು. ಕೆಎಸ್ಆರ್‌ಟಿಸಿಯ ಸಬರ್ಬನ್ ನಿಲ್ದಾಣದಿಂದ ಇನ್ನೂ ಹತ್ತಿರ.

ಕಾರಿನಲ್ಲೇ ಬರಬೇಕಾದರೆ, ಆ ವರ್ಷ ಪೊಲೀಸರು ಪ್ರಕಟಿಸುವ ಪಾರ್ಕಿಂಗ್ ಜಾಗಗಳ ಪಟ್ಟಿ ನೋಡಿ, ಐದು ಗಂಟೆಯ ಒಳಗೆ ನಿಲ್ಲಿಸಿಬಿಡಿ. ಅರಮನೆಗೆ ಹತ್ತಿರದ ಜಾಗ ಹುಡುಕಬೇಡಿ. ಬರುವಾಗ ಅರ್ಧ ಗಂಟೆ ಉಳಿಸುವ ಜಾಗವೇ ಹೋಗುವಾಗ ಒಂದೂವರೆ ಗಂಟೆ ತಿನ್ನುತ್ತದೆ. ನೀವು ಯಾವ ದಿಕ್ಕಿಗೆ ವಾಪಸ್ ಹೋಗಬೇಕೋ ಆ ಕಡೆಯ ಪಾರ್ಕಿಂಗ್ ಆರಿಸಿ. ನಿಲ್ಲಿಸಿದ ಮೇಲೆ ಎದುರಿನ ಅಂಗಡಿಯ ಬೋರ್ಡನ್ನು ಫೋಟೊ ತೆಗೆದಿಟ್ಟುಕೊಳ್ಳಿ. ರಾತ್ರಿ ಎಲ್ಲ ಬೀದಿಯೂ ಒಂದೇ ಥರ ಕಾಣುತ್ತದೆ.

ಹಂತ 4: ಚೀಲ ಕಟ್ಟಿ

ಒಂದೇ ಚೀಲ ಸಾಕು, ಬೆನ್ನಿಗೆ ಹಾಕುವಂಥದ್ದು. ಎರಡೂ ಕೈ ಖಾಲಿ ಇರಬೇಕು. ಒಳಗೆ ಇವಿಷ್ಟು ಇರಲಿ: ಪ್ರತಿಯೊಬ್ಬರಿಗೂ ಒಂದು ಬಾಟಲಿ ನೀರು, ರೇನ್‌ಕೋಟು, ಮಕ್ಕಳಿಗೂ ಹಿರಿಯರಿಗೂ ಸ್ವೆಟರ್, ಪವರ್ ಬ್ಯಾಂಕ್, ಬ್ಯಾಂಡೇಜ್, ರಾತ್ರಿ ತೆಗೆದುಕೊಳ್ಳಬೇಕಾದ ಮಾತ್ರೆ, ಸ್ವಲ್ಪ ಹತ್ತಿ, ಚಿಲ್ಲರೆ ದುಡ್ಡು. ಜನ ಜಾಸ್ತಿ ಇರುವಲ್ಲಿ ಮೊಬೈಲ್ ನೆಟ್‌ವರ್ಕ್ ಕೈಕೊಡುತ್ತದೆ, ಆಗ ಫೋನ್‌ನಲ್ಲಿ ದುಡ್ಡು ಕಳಿಸಲು ಆಗುವುದಿಲ್ಲ. ಹತ್ತಿ ಯಾಕೆಂದರೆ, ದಸರೆಯಲ್ಲಿ ಪೀಪಿ ಊದುವ ಹುಡುಗರು ಕಿವಿಯ ಪಕ್ಕದಲ್ಲೇ ಬಂದು ಊದುತ್ತಾರೆ. ಕೂಸುಗಳು ಬೆಚ್ಚಿಬೀಳುತ್ತವೆ.

ಕೊಡೆ ಬೇಡ. ಗುಂಪಿನಲ್ಲಿ ಕೊಡೆಯ ಕಡ್ಡಿ ಸರಿಯಾಗಿ ಮಕ್ಕಳ ಕಣ್ಣಿನ ಮಟ್ಟಕ್ಕೆ ಬರುತ್ತದೆ. ಮಕ್ಕಳ ತಳ್ಳುಗಾಡಿಯೂ ಬೇಡ. ಫುಟ್‌ಪಾತ್ ಮೇಲೆ ಅದು ಸಾಗುವುದಿಲ್ಲ, ರಸ್ತೆಗೆ ಇಳಿದರೆ ಜನ ಎಡವುತ್ತಾರೆ. ಎದೆಗೆ ಕಟ್ಟಿಕೊಳ್ಳುವ ಚೀಲ ಇದ್ದರೆ ಅದನ್ನೇ ತನ್ನಿ. ಹೊಸ ಚಪ್ಪಲಿ ಹಾಕಬೇಡಿ. ಬೆಲ್ಟ್ ಇರುವ, ಹಳೆಯ, ಕಾಲಿಗೆ ಒಗ್ಗಿದ ಚಪ್ಪಲಿ ಅಥವಾ ಶೂ ಇರಲಿ.

ಹಂತ 5: ಹೊರಡುವ ಮುಂಚೆ ಐದು ನಿಮಿಷ

ಬಾಗಿಲು ಹಾಕುವ ಮೊದಲು ಎಲ್ಲರನ್ನೂ ನಿಲ್ಲಿಸಿ ಒಂದು ಫೋಟೊ ತೆಗೆಯಿರಿ, ತಲೆಯಿಂದ ಪಾದದವರೆಗೆ. ಮಗು ಕಳೆದರೆ ಪೊಲೀಸರು ಮೊದಲು ಕೇಳುವುದು ಯಾವ ಬಣ್ಣದ ಬಟ್ಟೆ ಎಂದು. ಆ ಗಾಬರಿಯಲ್ಲಿ ಹೆತ್ತ ತಾಯಿಗೂ ನೆನಪಾಗುವುದಿಲ್ಲ. ಇದು ನಮ್ಮ ಮನೆಯಲ್ಲೇ ಆಗಿದೆ. ತಂಗಿಯ ಮಗ ಹತ್ತು ನಿಮಿಷ ಕಾಣಲಿಲ್ಲ, ನಾವು ನಾಲ್ವರು ನಾಲ್ಕು ಬಣ್ಣ ಹೇಳಿದೆವು. ಅವನು ಬಾಂಬೆ ಮಿಠಾಯಿ ಮಾರುವವರ ಹಿಂದೆ ನಿಂತಿದ್ದ. ಆ ಹತ್ತು ನಿಮಿಷ ನೆನೆದರೆ ಈಗಲೂ ಕೈ ತಣ್ಣಗಾಗುತ್ತದೆ.

ಮಗುವಿನ ಮುಂಗೈ ಒಳಭಾಗದಲ್ಲಿ ಇಬ್ಬರು ದೊಡ್ಡವರ ಫೋನ್ ನಂಬರನ್ನು ಬಾಲ್ ಪೆನ್ನಿನಲ್ಲಿ ಬರೆಯಿರಿ. ಒಂದೇ ನಂಬರ್ ಸಾಲದು, ಆ ಫೋನಿನ ಚಾರ್ಜ್ ಮುಗಿದಿರಬಹುದು. ವಯಸ್ಸಾದವರ ಜೇಬಿನಲ್ಲೂ ಒಂದು ಚೀಟಿ ಇರಲಿ.

ತಪ್ಪಿಸಿಕೊಂಡರೆ ಸೇರುವ ಜಾಗ ಮೊದಲೇ ಹೇಳಿಬಿಡಿ. ಕೆ.ಆರ್. ಸರ್ಕಲ್ ಬೇಡ, ಊರಿನವರೆಲ್ಲ ಅಲ್ಲೇ ಸೇರುತ್ತಾರೆ. ನಾನು ಹೇಳುವುದು ಟೌನ್‌ಹಾಲ್ ಹತ್ತಿರದ ದೊಡ್ಡ ಗಡಿಯಾರ. ಎತ್ತರವಾಗಿದೆ, ದೂರದಿಂದ ಕಾಣುತ್ತದೆ, ಕನ್ನಡ ಅಂಕಿಗಳಿರುವುದರಿಂದ ಮಕ್ಕಳಿಗೂ ಗುರುತು ಸಿಗುತ್ತದೆ. ಅರಮನೆ ನೋಡಿ ಮುಗಿಸಿದ ಮೇಲೆ ಮಕ್ಕಳನ್ನು ಅದರ ಬುಡಕ್ಕೆ ಕರೆದುಕೊಂಡು ಹೋಗಿ, "ತಪ್ಪಿಸಿಕೊಂಡ್ರೆ ಇಲ್ಲಿ" ಎಂದು ತೋರಿಸಿ. ಬಾಯಲ್ಲಿ ಹೇಳಿದರೆ ಸಾಲದು. ತೀರಾ ಚಿಕ್ಕ ಮಕ್ಕಳಿಗೆ ಬೇರೆ ಪಾಠ: ಎಲ್ಲಿದ್ದೀಯೋ ಅಲ್ಲೇ ನಿಲ್ಲು, ಖಾಕಿ ಬಟ್ಟೆಯವರಿಗೆ ಕೈ ಮೇಲಿನ ನಂಬರ್ ತೋರಿಸು.

ಊಟ? ಹೊರಡುವ ಮೊದಲೇ ಗಟ್ಟಿ ತಿಂಡಿ ಮುಗಿಸಿ. ಏಳರಿಂದ ಒಂಬತ್ತರವರೆಗೆ ಪೇಟೆಯ ಯಾವ ಹೋಟೆಲಿನಲ್ಲೂ ಟೇಬಲ್ ಸಿಗುವುದಿಲ್ಲ, ಕಾಯುವುದರಲ್ಲೇ ಅರಮನೆಯ ದೀಪ ತಪ್ಪಿಹೋಗುತ್ತದೆ. ಎಲ್ಲರೂ ಟಾಯ್ಲೆಟ್‌ಗೆ ಹೋಗಿ ಬಂದಿರಲಿ. ಆಮೇಲೆ ಬೇಕಾದರೆ ಅರಮನೆಯ ಆವರಣದಲ್ಲೂ ಬಸ್ ನಿಲ್ದಾಣಗಳಲ್ಲೂ ಇವೆ. ಸಯ್ಯಾಜಿರಾವ್ ರಸ್ತೆಗೆ ಕಾಲಿಟ್ಟ ಮೇಲೆ ಕಷ್ಟ.

ಹಂತ 6: ಆರೂವರೆಗೆ ಅರಮನೆಯ ಮುಂದೆ ಇರಿ

ಇಡೀ ಸಂಜೆ ನಿಂತಿರುವುದು ಈ ಹಂತದ ಮೇಲೆ.

ಅರಮನೆ ಪೂರ್ವಕ್ಕೆ ಮುಖ ಮಾಡಿದೆ. ದೀಪ ಹೊತ್ತುವ ಮೊದಲೇ ಅದರ ಎದುರಿನ ಬಯಲಿನಲ್ಲಿ ನೀವಿರಬೇಕು. ವರಾಹ, ಜಯಮಾರ್ತಾಂಡ, ಬಲರಾಮ ದ್ವಾರಗಳಲ್ಲಿ ಯಾವುದರಿಂದ ಜನರನ್ನು ಬಿಡುತ್ತಾರೆ ಎಂಬುದು ದಿನದಿಂದ ದಿನಕ್ಕೆ ಬದಲಾಗುತ್ತದೆ. ಒಳಗೆ ಸಾಂಸ್ಕೃತಿಕ ಕಾರ್ಯಕ್ರಮಗಳೂ ಇರುತ್ತವೆ. ಸುಮ್ನೆ ಒಂದು ಬಾಗಿಲಲ್ಲಿ ಸಾಲು ನಿಲ್ಲಬೇಡಿ, ಮೊದಲು ಸಿಗುವ ಪೊಲೀಸರನ್ನು ಕೇಳಿ. ಕೋಟೆಯ ಸುತ್ತು ಸುಮಾರು ಎರಡು ಕಿ.ಮೀ. ಇದೆ. ತಪ್ಪು ಬಾಗಿಲಿಗೆ ಹೋದರೆ ಅಜ್ಜಿಯ ಕಾಲಿನ ಶಕ್ತಿಯೆಲ್ಲ ಅಲ್ಲೇ ಖರ್ಚಾಗುತ್ತದೆ.

ಒಳಗೆ ಹೋದ ಮೇಲೆ ಕಟ್ಟಡಕ್ಕೆ ತೀರಾ ಹತ್ತಿರ ಹೋಗಬೇಡಿ. ಹಿಂದೆ ಸರಿದು, ನಡುವಿನ ಗುಮ್ಮಟದ ನೇರಕ್ಕೆ ನಿಲ್ಲಿ. ಹಿರಿಯರಿಗೆ ಕೂರಲು ಜಾಗ ಮಾಡಿಕೊಡಿ. ಸಣ್ಣವರನ್ನು ಹೆಗಲ ಮೇಲೆ ಎತ್ತಿಕೊಳ್ಳಿ.

ಆಗ ಕತ್ತಲಲ್ಲಿ ಅರಮನೆ ಬರೀ ಕಪ್ಪು ನೆರಳಿನಂತೆ ಇರುತ್ತದೆ. ಒಂದೇ ಕ್ಷಣದಲ್ಲಿ ಗೋಡೆ, ಕಮಾನು, ಗೋಪುರ ಎಲ್ಲಾ ಬಂಗಾರದ ಗೆರೆಗಳಾಗಿ ಎದ್ದು ನಿಲ್ಲುತ್ತವೆ. ಜನರ ಬಾಯಿಂದ "ಓ" ಎಂಬ ಉದ್ಗಾರ ಒಟ್ಟಿಗೆ ಬರುತ್ತದೆ. ಆ ಕ್ಷಣದಲ್ಲಿ ಫೋನ್ ಕೆಳಗಿಡಿ ಎಂದು ಕೈಮುಗಿದು ಕೇಳುತ್ತೇನೆ. ಫೋಟೊಗೆ ಆಮೇಲೆ ಬೇಕಾದಷ್ಟು ಹೊತ್ತಿದೆ. ಮಕ್ಕಳ ಮುಖ ಆಗ ಹೇಗಿರುತ್ತದೆ ಎಂದು ನೋಡಿ.

ಫೋಟೊ ತೆಗೆಯುವಾಗ ಸ್ಕ್ರೀನಿನಲ್ಲಿ ಬೆಳಕಿನ ಭಾಗವನ್ನು ಮುಟ್ಟಿ, ಹೊಳಪನ್ನು ಕೆಳಗೆ ಎಳೆಯಿರಿ. ಇಲ್ಲದಿದ್ದರೆ ಅರಮನೆ ಬಿಳಿ ಮುದ್ದೆಯಾಗಿ ಬರುತ್ತದೆ. ಫ್ಲಾಶ್ ಆರಿಸಿ, ಅದು ಅಷ್ಟು ದೂರ ಹೋಗುವುದಿಲ್ಲ. ಬೀದಿಯ ಎಲ್‌ಇಡಿ ದೀಪಗಳನ್ನು ತೆಗೆಯುವಾಗ ಚಿತ್ರದಲ್ಲಿ ಅಡ್ಡ ಪಟ್ಟಿಗಳು ಕಂಡರೆ ಫೋನ್ ಕೆಟ್ಟಿಲ್ಲ. ಕರೆಂಟಿನ ಲಯಕ್ಕೆ ದೀಪ ಮಿನುಗುವುದರಿಂದ ಹಾಗಾಗುತ್ತದೆ. ಕ್ಯಾಮೆರಾದ ಪ್ರೊ ಮೋಡ್‌ನಲ್ಲಿ ಶಟರ್ ವೇಗವನ್ನು 1/50 ಅಥವಾ 1/100ಕ್ಕೆ ಇಟ್ಟರೆ ಪಟ್ಟಿ ಹೋಗುತ್ತದೆ.

ಇಲ್ಲಿ ಮುಕ್ಕಾಲು ಗಂಟೆ ಕಳೆಯಿರಿ, ಅವಸರ ಬೇಡ.

ಹಂತ 7: ನಡೆಯಿರಿ, ಆದರೆ ಒಂದು ತುಂಡು ಮಾತ್ರ

ಅರಮನೆಯಿಂದ ಉತ್ತರದ ಕಡೆ ಹೊರಬಂದರೆ ಚಾಮರಾಜ ವೃತ್ತ. ಪಕ್ಕದಲ್ಲೇ ದೊಡ್ಡ ಗಡಿಯಾರ, ಆಮೇಲೆ ಕೆ.ಆರ್. ಸರ್ಕಲ್. ಅಲ್ಲಿಂದ ಸಯ್ಯಾಜಿರಾವ್ ರಸ್ತೆಗೆ ತಿರುಗಿದರೆ ತಲೆಯ ಮೇಲೆ ದೀಪದ ಚಪ್ಪರ ಶುರುವಾಗುತ್ತದೆ. ದೇವರಾಜ ಮಾರುಕಟ್ಟೆಯ ಪಕ್ಕ ಹಾದು ಧನ್ವಂತರಿ ರಸ್ತೆಯ ತಿರುವಿನವರೆಗೆ ಹೋಗಿ, ಅಲ್ಲೇ ನಿಲ್ಲಿಸಿ. ಮುಂದೆಯೂ ದೀಪ ಇದೆ, ನಿಜ. ಆದರೆ ಹೋದಷ್ಟೇ ದೂರ ವಾಪಸ್ ಬರಬೇಕು ಎಂಬುದನ್ನು ಮರೆತು ಎಲ್ಲರೂ ಮುಂದೆ ಮುಂದೆ ಹೋಗುತ್ತಾರೆ. ಆರು ವರ್ಷದ ಮಗು "ಎತ್ಕೋ" ಅನ್ನುವುದು ಯಾವಾಗಲೂ ವಾಪಸ್ ಬರುವ ದಾರಿಯಲ್ಲಿ.

ನಡೆಯುವಾಗ ಸಾಲು ಹೀಗಿರಲಿ: ಮುಂದೆ ಒಬ್ಬರು ದೊಡ್ಡವರು, ನಡುವೆ ಮಕ್ಕಳು ಮತ್ತು ಹಿರಿಯರು, ಕೊನೆಯಲ್ಲಿ ಇನ್ನೊಬ್ಬರು ದೊಡ್ಡವರು. ಫೋಟೊಗೆ ನಿಲ್ಲುವಾಗ ಎಲ್ಲರೂ ನಿಲ್ಲಬೇಕು. ಒಬ್ಬರು ನಿಂತು ಉಳಿದವರು ನಡೆದರೆ ಅಲ್ಲೇ ಬೇರೆಯಾಗುವುದು.

ತಿನ್ನಲು ಚುರುಮುರಿ, ಜೋಳ ಬೇಕಾದಷ್ಟು ಸಿಗುತ್ತದೆ. ಕಣ್ಣೆದುರೇ ಬಿಸಿಯಾಗಿ ಮಾಡಿಕೊಡುವುದನ್ನು ತಿನ್ನಿ. ಹೆಚ್ಚಿಟ್ಟ ಹಣ್ಣು ಬೇಡ.

ಹಂತ 8: ಈ ಸೂಚನೆಗಳು ಕಂಡರೆ ತಕ್ಷಣ ದಾರಿ ಬದಲಿಸಿ

ಎರಡೂ ಭುಜಕ್ಕೆ ಅಪರಿಚಿತರ ಭುಜ ತಾಗುತ್ತಿದ್ದರೆ, ತಿರುಗಿ ನಿಲ್ಲಲು ಆಗದಿದ್ದರೆ, ಜನ ಅಪಾಯದ ಮಟ್ಟಕ್ಕೆ ಸೇರಿದ್ದಾರೆ ಎಂದರ್ಥ. ಗುಂಪಿಗೆ ಎದುರಾಗಿ ನುಗ್ಗಬೇಡಿ. ಗುಂಪಿನ ಜೊತೆಗೇ ಸಾಗುತ್ತಾ ಓರೆಯಾಗಿ ಬದಿಗೆ ಸರಿದು ಮೊದಲು ಸಿಗುವ ಅಡ್ಡರಸ್ತೆಗೆ ಹೊರಳಿ. ಮಕ್ಕಳನ್ನು ಎತ್ತಿಕೊಳ್ಳಿ. ಚಪ್ಪಲಿಯೋ ಫೋನೋ ಬಿದ್ದರೆ ಬಗ್ಗಿ ಎತ್ತಬೇಡಿ, ಹೋದರೆ ಹೋಗಲಿ.

ಮಳೆ ಹನಿ ಬಿದ್ದ ಕೂಡಲೇ ದೀಪ ಸುತ್ತಿದ ಕಂಬ, ಮರ, ಕಬ್ಬಿಣದ ಕಮಾನುಗಳಿಂದ ದೂರ ಹೋಗಿ. ಆಸರೆಗೆ ಅಂಗಡಿಯ ಒಳಗೆ ನಿಲ್ಲಿ. ಮಳೆ ಇಲ್ಲದಾಗಲೂ ಮಕ್ಕಳು ದೀಪದ ಪ್ರತಿಕೃತಿಗಳನ್ನು ಮುಟ್ಟದಂತೆ, ಅದರ ಚೌಕಟ್ಟಿಗೆ ಒರಗದಂತೆ ನೋಡಿಕೊಳ್ಳಿ. ವೈರ್ ಜೋತುಬಿದ್ದಿದ್ದರೆ, ಕಿಡಿ ಕಂಡರೆ, ಸುಟ್ಟ ವಾಸನೆ ಬಂದರೆ 1912ಕ್ಕೆ ಫೋನ್ ಮಾಡಿ. ಅದು ವಿದ್ಯುತ್ ದೂರಿನ ನಂಬರ್. ಬೇರೆ ಯಾವುದೇ ತುರ್ತಿಗೆ 112. ಮಗು ಕಾಣದಿದ್ದರೆ ನೀವೇ ಅರ್ಧ ಗಂಟೆ ಹುಡುಕಿ ಆಮೇಲೆ ಹೇಳುವುದಲ್ಲ. ಒಬ್ಬರು ಹುಡುಕಿ, ಒಬ್ಬರು ಆ ಕ್ಷಣವೇ ಪೊಲೀಸರಿಗೆ ಹೇಳಿ.

ಮನೆಯಲ್ಲಿ ಮೂರ್ಛೆ ರೋಗ ಇರುವವರಿದ್ದರೆ ಬರುವ ಮೊದಲು ಡಾಕ್ಟರನ್ನು ಕೇಳಿ. ಅರಮನೆಯ ದೀಪ ಸ್ಥಿರವಾಗಿ ಉರಿಯುತ್ತದೆ. ಆದರೆ ವೃತ್ತಗಳಲ್ಲಿನ ಕೆಲವು ಅಲಂಕಾರಗಳು ಜೋರಾಗಿ ಮಿನುಗುತ್ತವೆ.

ಹಂತ 9: ಒಂಬತ್ತರ ನಂತರ ವಾಹನದ ಸುತ್ತು

ಒಂಬತ್ತು, ಒಂಬತ್ತೂವರೆಗೆ ಕುಟುಂಬಗಳು ಮನೆ ಕಡೆ ಹೊರಡುತ್ತವೆ, ರಸ್ತೆ ಸ್ವಲ್ಪ ಸಡಿಲವಾಗುತ್ತದೆ. ಉಳಿದ ದೀಪ ನೋಡಲು ಇದೇ ಹೊತ್ತು. ಮಕ್ಕಳಿಗೆ ನಿದ್ದೆ ಬಂದಿದ್ದರೆ ಈ ಹಂತ ಬಿಟ್ಟುಬಿಡಿ. ಅರಮನೆ ನೋಡಿಯಾಗಿದೆ, ಚಪ್ಪರದ ಕೆಳಗೆ ನಡೆದಾಗಿದೆ. ಏನೂ ತಪ್ಪಿಲ್ಲ.

ಮಾಡುವುದಾದರೆ ಮೂರು ದಾರಿ. ಆಟೋ ಹಿಡಿಯಬಹುದು. ಆದರೆ ಹತ್ತುವ ಮೊದಲೇ ಎಲ್ಲೆಲ್ಲಿ ಹೋಗಬೇಕು, ಒಟ್ಟು ಎಷ್ಟು, ಎಲ್ಲಿ ಇಳಿಸಬೇಕು ಎಂದು ಮಾತಾಡಿಕೊಳ್ಳಿ. ಟಾಂಗಾ ಮಕ್ಕಳಿಗೆ ಇಷ್ಟ, ಆದರೆ ನಿಧಾನ. ಚಿಕ್ಕ ಸುತ್ತಿಗೆ ಸಾಕು.

ಮೂರನೆಯದು ಪ್ರವಾಸೋದ್ಯಮ ಅಭಿವೃದ್ಧಿ ನಿಗಮದ ಅಂಬಾರಿ ಡಬಲ್ ಡೆಕರ್ ಬಸ್. ಮೇಲಿನ ಅಂತಸ್ತಿಗೆ ಮಾಡು ಇಲ್ಲ. ಜೆಎಲ್‌ಬಿ ರಸ್ತೆಯ ಮಯೂರ ಹೊಯ್ಸಳ ಹೋಟೆಲಿನಿಂದ ಹೊರಡುತ್ತದೆ. ಹಿರಿಯರಿಗೆ ಇದಕ್ಕಿಂತ ಒಳ್ಳೆಯ ದಾರಿ ಇಲ್ಲ, ಕೂತಲ್ಲೇ ಎಲ್ಲಾ ಕಾಣುತ್ತದೆ. ಆದರೆ ಅವತ್ತೇ ಬಂದು ಟಿಕೆಟ್ ಕೇಳಿದರೆ ಸಿಗುವುದಿಲ್ಲ. ದಿನ ಗೊತ್ತಾದ ಕೂಡಲೇ ಆನ್‌ಲೈನ್‌ನಲ್ಲಿ ಕಾದಿರಿಸಿ. ತಡವಾದ ಸಮಯದ ಬಸ್ ಆರಿಸಿ, ಬೇಗನೆಯದು ಅರಮನೆಯ ಹೊತ್ತಿಗೆ ಅಡ್ಡ ಬರುತ್ತದೆ. ಮಂಡಿ ನೋವಿರುವವರಿಗೆ ಕೆಳಗಿನ ಅಂತಸ್ತು ಸಾಕು. ಮೇಲೆ ಕೂತರೆ ಚಳಿ ಗಾಳಿ ಬೀಸುತ್ತದೆ, ಸ್ವೆಟರ್ ತಂದದ್ದು ಇದಕ್ಕೇ. ಮಕ್ಕಳು ಎದ್ದು ನಿಲ್ಲಬಾರದು. ಮರದ ಕೊಂಬೆ, ವೈರು ತಲೆಯ ಹತ್ತಿರವೇ ಹಾದುಹೋಗುತ್ತವೆ.

ಚಾಮುಂಡಿ ಬೆಟ್ಟದಿಂದ ಇಡೀ ಊರಿನ ಬೆಳಕು ನೋಡುವ ಆಸೆ ಇದ್ದರೆ ಅದನ್ನು ಎರಡನೆಯ ರಾತ್ರಿಗೆ ಇಟ್ಟುಕೊಳ್ಳಿ. ರಾತ್ರಿ ವಾಹನ ಬಿಡುತ್ತಾರೋ ಇಲ್ಲವೋ ಎಂದು ಹೋಗುವ ಮುಂಚೆ ವಿಚಾರಿಸಿ. ಎರಡನ್ನೂ ಒಂದೇ ಸಂಜೆಗೆ ತುಂಬಿದವರು ಎರಡನ್ನೂ ಅರ್ಧರ್ಧ ನೋಡಿ ಬಂದಿದ್ದಾರೆ.

ಹಂತ 10: ವಾಪಸ್

ದೀಪ ಆರುವವರೆಗೆ ಕಾಯಬೇಡಿ. ಆರಿದ ಕೂಡಲೇ ಎಲ್ಲರೂ ಒಟ್ಟಿಗೆ ಆಟೋ ಹುಡುಕುತ್ತಾರೆ, ಬೀದಿಯೂ ಒಮ್ಮೆಲೇ ಕತ್ತಲಾಗುತ್ತದೆ. ಅರ್ಧ ಗಂಟೆ ಮೊದಲೇ ಹೊರಡಿ. ಆಟೋ ಬೇಕಾದರೆ ಅರಮನೆಯ ಸುತ್ತ ನಿಲ್ಲದೆ ಎರಡು ಬೀದಿ ಆಚೆ ನಡೆಯಿರಿ, ಅಲ್ಲಿ ಬೇಗ ಸಿಗುತ್ತದೆ. ರೈಲಿಗೆ ಹೋಗುವವರು ಹೊರಡುವ ಸಮಯಕ್ಕಿಂತ ಒಂದು ಗಂಟೆ ಮುಂಚೆ ನಿಲ್ದಾಣದಲ್ಲಿರಬೇಕು. ರಾತ್ರಿಯೇ ಬೆಂಗಳೂರಿಗೆ ಕಾರು ಓಡಿಸುವ ಯೋಚನೆ ಇದ್ದರೆ ದಯವಿಟ್ಟು ಬಿಡಿ. ಮಧ್ಯಾಹ್ನದಿಂದ ನಡೆದು ದಣಿದವರು ಸ್ಟೀರಿಂಗ್ ಹಿಡಿಯಬಾರದು.

ಈ ದಸರೆಗೆ ಬರಲು ಆಗಲೇ ಇಲ್ಲ ಎನ್ನುವವರಿಗೆ ಇನ್ನೊಂದು ದಾರಿ ಇದೆ. ಭಾನುವಾರ ಮತ್ತು ಸರ್ಕಾರಿ ರಜಾದಿನಗಳ ಸಂಜೆ ಏಳರ ಸುಮಾರಿಗೆ ಅರಮನೆಯ ದೀಪಗಳನ್ನು ಸ್ವಲ್ಪ ಹೊತ್ತು ಹೊತ್ತಿಸುತ್ತಾರೆ. ಬೀದಿಯ ಚಪ್ಪರ ಇರುವುದಿಲ್ಲ. ಆದರೆ ದಸರೆಯಷ್ಟು ನೂಕುನುಗ್ಗಲೂ ಇರುವುದಿಲ್ಲ, ಅಜ್ಜಿ ಆರಾಮಾಗಿ ಕೂತು ನೋಡಬಹುದು. ಆಗಲೂ ಆರೂವರೆಗೇ ಅಲ್ಲಿರಿ.